ಅತ್ತರು ಮೈಮೇಲೆ ಹೇಗೆ ಬದಲಾಗುತ್ತದೆ: ನಾನು ದಿನಾ ಹಚ್ಚುವ ನಾಲ್ಕು ಶೀಸೆಗಳ ಬಗ್ಗೆ

ಅತ್ತರು ಕೊಳ್ಳುವವರಿಗೆ ನಾನು ಮೊದಲು ಹೇಳೋದು ಇಷ್ಟೇ: ಅಂಗಡಿಯಲ್ಲಿ ಶೀಸೆ ಮೂಸಿ ದುಡ್ಡು ಕೊಡಬೇಡಿ. ಕೈಗೆ ಹಚ್ಚಿಸಿಕೊಂಡು ಹೊರಗೆ ಬನ್ನಿ, ನಿಮ್ಮ ಕೆಲಸ ನೋಡಿಕೊಳ್ಳಿ, ಎರಡು-ಮೂರು ತಾಸು ಬಿಟ್ಟು ಮತ್ತೆ ಮೂಸಿ. ಆಗ ಮೈಮೇಲೆ ಏನು ಉಳಿದಿದೆಯೋ, ನೀವು ದಿನವೆಲ್ಲ ಹೊತ್ತು ತಿರುಗೋದು ಅದನ್ನೇ.

ನಾನು ವರ್ಷಗಳಿಂದ ಕೊಳ್ಳುತ್ತಿರುವುದು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿನ ಚಾಚಾ ಗಾಜಿನ ಕಡ್ಡಿ ಅದ್ದಿ ಮಣಿಕಟ್ಟಿನ ಮೇಲೆ ಒಂದು ಸಣ್ಣ ಗೆರೆ ಎಳೆಯುತ್ತಾರೆ. "ಅಕ್ಕಾರ, ಈಗ ಮೂಸಬ್ಯಾಡ್ರಿ. ಬಜಾರ್ ಮುಗಿಸಿಕೊಂಡು ಬರ್ರಿ. ಆಮ್ಯಾಲೆ ಬೇಕನ್ಸಿದ್ರ ತಗೋರಿ" ಅಂತಾರೆ. ಹೀಗೆ ಹೇಳುವ ವ್ಯಾಪಾರಿ ಸಿಗೋದು ಕಷ್ಟ. ಬೇರೆ ಕಡೆ ಹೋಗಲು ನನಗೆ ಮನಸ್ಸಾಗದಿರೋದು ಅದಕ್ಕೇ.

ಸ್ಪ್ರೇ ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಹಾರುವಾಗ ವಾಸನೆಯನ್ನೂ ಎತ್ತಿಕೊಂಡು ಹೋಗಿ ರೂಮೆಲ್ಲ ಹರಡುತ್ತದೆ. ಅತ್ತರು ಎಣ್ಣೆ. ಚರ್ಮಕ್ಕೆ ಅಂಟಿಕೊಂಡು ನಿಧಾನವಾಗಿ ಘಮ ಬಿಡುತ್ತದೆ, ಹತ್ತಿರ ಬಂದವರಿಗೆ ಮಾತ್ರ ಗೊತ್ತಾಗುತ್ತದೆ. ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಓಡಾಡುವ ನನಗೆ ಇದೇ ದೊಡ್ಡ ಗುಣ. ಕಿಟಕಿ ಮುಚ್ಚಿದ ಎಸಿ ಬಸ್ಸಿನಲ್ಲಿ ಪಕ್ಕದವರಿಗೆ ತಲೆನೋವು ತರಬಾರದು, ಅಲ್ವಾ?

ವಾಸನೆ ಬದಲಾಗೋದಕ್ಕೂ ಕಾರಣ ಇದೆ. ಒಂದೇ ಹನಿಯಲ್ಲಿ ಹಗುರ, ಭಾರ ಎಲ್ಲ ಬಗೆಯ ಘಮದ ಅಂಶಗಳೂ ಸೇರಿರುತ್ತವೆ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನಿನ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಗುಲಾಬಿಗೆ ಘಮ ಕೊಡುವ ಫಿನೈಲ್ ಎಥೈಲ್ ಆಲ್ಕೋಹಾಲ್ 220ರ ಹತ್ತಿರ. ಶ್ರೀಗಂಧದ ಸ್ಯಾಂಟಲಾಲ್ 300ರ ಆಸುಪಾಸು. ಮೈಮೇಲೆ ಯಾವುದೂ ಕುದಿಯೋದಿಲ್ಲ, ನಿಜ. ಆದರೆ ಹಾರಿಹೋಗುವ ಸರದಿ ಹೆಚ್ಚುಕಡಿಮೆ ಇದೇ.

ನನಗೆ ಎಲ್ಲಕ್ಕಿಂತ ಪ್ರೀತಿ ಮಿಟ್ಟಿ ಅತ್ತರಿನ ಮೇಲೆ. ಇದು ಉತ್ತರಪ್ರದೇಶದ ಕನ್ನೌಜಿನ ಕಸುಬು. ಸುಟ್ಟ ಮಣ್ಣಿನ ತುಂಡುಗಳನ್ನು ನೀರಿನ ಜೊತೆ ತಾಮ್ರದ ದೊಡ್ಡ ಹಂಡೆಗೆ ಹಾಕುತ್ತಾರೆ. ಅದಕ್ಕೆ ಡೇಗ್ ಅಂತಾರೆ. ಬಾಯಿಯನ್ನು ಜೇಡಿಮಣ್ಣಿನಿಂದ ಮೆತ್ತಿ ಕೆಳಗೆ ಬೆಂಕಿ ಹಚ್ಚುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು ಭಪ್ಕಾ ಅನ್ನುವ ಪಾತ್ರೆಗೆ ಇಳಿಯುತ್ತದೆ. ತಣ್ಣೀರಿನಲ್ಲಿ ಕೂರಿಸಿದ ಆ ಪಾತ್ರೆಯಲ್ಲಿ ಶ್ರೀಗಂಧದ ಎಣ್ಣೆ ಇರುತ್ತದೆ. ಮಣ್ಣಿನ ವಾಸನೆಯನ್ನು ಹೀರಿಕೊಳ್ಳೋದು ಆ ಎಣ್ಣೆಯೇ. ಮಳೆಯ ಮಣ್ಣಿನ ವಾಸನೆ ಎಲ್ಲಿಂದ ಬರುತ್ತದೆ ಅಂತ 1964ರಲ್ಲಿ ಬರೆದ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕೂಡ ಉತ್ತರಪ್ರದೇಶದ ಈ ಅತ್ತರನ್ನು ನೆನೆದಿದ್ದಾರೆ.

ಇದು ನಮ್ಮ ನವಲಗುಂದದ ಕಡೆ ಎರೆ ಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ಅಲ್ಲ. ಅದರಲ್ಲಿ ಬೇರು, ಕಸ, ಹಸಿತನ ಎಲ್ಲ ಇರುತ್ತದೆ. ಮಿಟ್ಟಿ ಅತ್ತರು ಹಚ್ಚಿದ ತಕ್ಷಣ ಬರೋದು ಹೊಸ ಗಡಿಗೆಗೆ ನೀರು ತುಂಬಿದಾಗಿನ ವಾಸನೆ. ಅರ್ಧ ತಾಸಿನಲ್ಲಿ ಆ ತಂಪು ಹೋಗಿ ಒಣ ಧೂಳಿನ ಘಮ ಉಳಿಯುತ್ತದೆ. ಕೆಲವರಿಗೆ ಇದು ಹಿಡಿಸೋಲ್ಲ. ಸ್ವಲ್ಪ ತಾಳಿ. ಊಟದ ಹೊತ್ತಿಗೆ ಕೆಳಗಿನಿಂದ ಗಂಧ ಮೇಲೆ ಬರುತ್ತದೆ, ಮಣ್ಣು ಮತ್ತು ಗಂಧ ಬೇರೆ ಮಾಡೋಕೆ ಆಗದಂತೆ ಬೆರೆತಿರುತ್ತವೆ. ಆ ಹೊತ್ತಿಗಾಗಿಯೇ ನಾನು ಇದನ್ನು ಹಚ್ಚುತ್ತೇನೆ.

ಲಾವಂಚದ್ದು, ಅಂದರೆ ಖಸ್, ಅಷ್ಟೊಂದು ಬದಲಾಗೋದಿಲ್ಲ. ಬೇರಿನ ಭಾರದ ವಾಸನೆ ಬೆಳಗ್ಗೆ ಇದ್ದಂತೆಯೇ ಸಂಜೆಗೂ ಇರುತ್ತದೆ, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ. ಏಪ್ರಿಲ್, ಮೇ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹಸಿರು ಬಣ್ಣ ನೋಡಿ ಮಾತ್ರ ನಂಬಬೇಡಿ, ಬಣ್ಣ ಬೆರೆಸಿದ್ದೂ ಬರುತ್ತದೆ.

ಮಲ್ಲಿಗೆಯದು ನನಗೆ ಬೇಸರ ತಂದಿದೆ. ಹಡಗಲಿ ಮಲ್ಲಿಗೆ ಮುಡಿದು ಗೊತ್ತಿರುವ ನಮ್ಮ ಗದಗಿನ ಕಡೆಯವರಿಗೆ ಈ ಮೊಗ್ರಾ ಅತ್ತರು ಮೊದಲ ಹತ್ತು ನಿಮಿಷ ತುಂಬ ಇಷ್ಟವಾಗುತ್ತದೆ. ಆ ಸಿಹಿ ಬಹುಪಾಲು ಬೆಂಜೈಲ್ ಅಸಿಟೇಟಿನದು, ಬೇಗ ಹಾರುತ್ತದೆ. ಹಿಂದೆ ಉಳಿಯೋದು ಇಂಡೋಲ್. ಹೂವಿನಲ್ಲಿಯೂ ಅದು ಇದೆ, ಆದರೆ ಚೂರೇ ಚೂರು. ಸಿಹಿ ಹೋದ ಮೇಲೆ ಅದೊಂದೇ ಎದ್ದು ಕಂಡರೆ ಟ್ರಂಕಿನಲ್ಲಿಡುವ ಡಾಂಬರು ಗುಳಿಗೆಯ ವಾಸನೆ ಬರುತ್ತದೆ. ಬೆವರಿದ ದಿನ ನನ್ನ ಮೈಮೇಲೆ ಹಾಗೇ ಆಗುತ್ತದೆ. ನನ್ನ ತಂಗಿಗೆ ಅದೇ ಶೀಸೆಯದು ಚೆನ್ನಾಗಿ ಒಪ್ಪುತ್ತದೆ. ಅವಳದು ಒಣ ಚರ್ಮ.

ಹಿನಾ ಚಳಿಗಾಲಕ್ಕೆ. ಲವಂಗ, ಏಲಕ್ಕಿ, ಕೇಸರಿ ಸೇರಿದ ಬಿಸಿ ಘಮ. ಮೊದಲು ಮಸಾಲೆ ಮೂಗಿಗೆ ಹೊಡೆಯುತ್ತದೆ, ಸಂಜೆಗೆ ಮೆತ್ತನೆ ಸಿಹಿ. ಬಿಳಿ ಬಟ್ಟೆಗೆ ತಾಗಿಸಬೇಡಿ, ಕಲೆಯಾದರೆ ಹೋಗೋದಿಲ್ಲ.

ಇನ್ನು ಬೆಲೆ. ಒಳ್ಳೆಯ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಗೂ ಮೇಲೆ. ಅಂದರೆ 10 ಗ್ರಾಂಗೆ ಬರೀ ಎಣ್ಣೆಯದೇ ಸಾವಿರ ದಾಟಿತು. ಹಾಗಿರುವಾಗ 200 ರೂಪಾಯಿಗೆ "ಪ್ಯೂರ್ ಗಂಧದ ಎಣ್ಣೆಯಲ್ಲಿ ಮಾಡಿದ್ದು" ಅಂತ 10 ಎಂಎಲ್ ಶೀಸೆ ಕೊಡುವವರನ್ನು ನಂಬೋದು ಹೇಗೆ? ಅಂಥದ್ದೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ರೋಲ್-ಆನ್ ಸೋರಿಕೊಂಡೇ ಬಂತು. ಹಚ್ಚಿದರೆ ಒಂದು ತಾಸಿಗೆ ಘಮ ಪೂರ್ತಿ ಮಾಯ, ಚರ್ಮದ ಮೇಲೆ ಜಿಡ್ಡು ಮಾತ್ರ. ಬೇರೆ ತೆಳು ಎಣ್ಣೆ ಬೆರೆಸಿದ ಅತ್ತರು ಕೆಟ್ಟದ್ದು ಅಂತಲ್ಲ, ಅಗ್ಗದ ಖಸ್ ನಾನೂ ಹಚ್ಚುತ್ತೇನೆ. ಹೇಳಿ ಮಾರಬೇಕು, ಅಷ್ಟೇ. ಈ ವಿಷಯದಲ್ಲಿ ನಮ್ಮ ಚಾಚಾನ ಅಂಗಡಿಗೂ ಪೂರ್ತಿ ಅಂಕ ಕೊಡಲಾರೆ. ಕೇಳಿದರೆ ಬಾಯಲ್ಲಿ ನಿಜ ಹೇಳುತ್ತಾರೆ, ಆದರೆ ಶೀಸೆಯ ಮೇಲೆ ಒಂದು ಚೀಟಿಯೂ ಇರೋದಿಲ್ಲ. ಅದೇ ಮಿಟ್ಟಿ ಮುಂದಿನ ಸಲ ಸ್ವಲ್ಪ ಬೇರೆಯೇ ಆಗಿರುತ್ತದೆ.

ಧಾರವಾಡದ ಡಿಸೆಂಬರ್ ಚಳಿಗೆ ಚರ್ಮ ಒಣಗಿದಾಗ ಅತ್ತರು ಬೇಗ ಇಂಗಿಹೋಗುತ್ತದೆ. ಮೊದಲು ತುಸು ವ್ಯಾಸಲಿನ್ ಸವರಿ ಅದರ ಮೇಲೆ ಹಚ್ಚಿದರೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಬೇಸಿಗೆಯಲ್ಲಿ ಮೈಬಿಸಿಗೆ ಜೋರಾಗಿ ಘಮಿಸುತ್ತದೆ, ಬೇಗ ಮುಗಿಯುತ್ತದೆ. ಹಾಗಾಗಿ ಆಗ ಅರ್ಧ ಹನಿ ಸಾಕು. ಮಧ್ಯಾಹ್ನ ನಿಮಗೇ ವಾಸನೆ ಬರಲಿಲ್ಲ ಅಂತ ಮತ್ತೆ ಹಚ್ಚೋಕೆ ಹೋಗಬೇಡಿ, ಮೂಗು ಒಗ್ಗಿಹೋಗಿರುತ್ತದೆ. ಪಕ್ಕದವರನ್ನು ಕೇಳಿ ನೋಡಿ. ನಿಂಬೆ ಜಾತಿಯ ಎಣ್ಣೆ ಇರುವುದನ್ನು ಕುತ್ತಿಗೆಗೆ ಹಚ್ಚಿ ಬಿಸಿಲಿಗೆ ಹೋಗಬೇಡಿ, ಕೆಲವಕ್ಕೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಹೊಸ ಅತ್ತರು ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಬಿಡಿ.

ಮೊದಲ ಸಲ ಕೊಳ್ಳುವವರು 3 ಎಂಎಲ್ ಖಸ್ ತಗೊಳ್ಳಿ, ಗಾಜಿನ ಕಡ್ಡಿ ಇರುವ ಶೀಸೆಯಲ್ಲೇ. ಬಿಸಿಲು ಬೀಳದ ಕಪಾಟಿನಲ್ಲಿಡಿ. ಮಿಟ್ಟಿಗೆ ದುಡ್ಡು ಜಾಸ್ತಿ, ಅದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಮೊಗ್ರಾ ಬೇಕೇ ಬೇಕು ಅನ್ನುವವರು ಬೆವರುವ ಒಂದು ದಿನ ಹಚ್ಚಿ ನೋಡಿ, ಸಂಜೆಗೆ ತೀರ್ಮಾನ ಮಾಡಿ.