ಹಲವು ವರ್ಷ ಕಾಡು ಸುತ್ತಿದ ವಿಂಚೆಸ್ಟರ್ 94

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್ (ಪ್ರತಿ ಈಡಿನ ನಂತರ ತಾನಾಗಿಯೇ ಮುಂದಿನ ತೋಟಾ ಏರಿಸಿಕೊಳ್ಳುವಂಥದು) ಬಳಸುವಂತಿಲ್ಲ. ಎರಡನೆಯ ಈಡು ಬೇಗ ಬೇಕೆನ್ನುವವರು ಇಲ್ಲಿ ಹಿಂದಿನಿಂದಲೂ ಲಿವರ್ ಕೋವಿಯನ್ನು, ಅಂದರೆ ಕೆಳಗಿನ ಹಿಡಿಕೆಯನ್ನು ಎಳೆದು ಮರಳಿಸಿದರೆ ಮುಂದಿನ ತೋಟಾ ಏರುವ ಕೋವಿಯನ್ನು, ನೆಚ್ಚಿದ್ದಾರೆ. (ಊರಿನ ಓದುಗರು ಹುಬ್ಬೇರಿಸುವುದು ಬೇಡ. ಇಲ್ಲಿ ಇದು ಪರವಾನಗಿ ಪಡೆದು ನಿಗದಿತ ಋತುವಿನಲ್ಲಿ ಆಡುವ ಬೇಟೆ. ನಮ್ಮಲ್ಲಿ 1972ರ ಕಾಯ್ದೆಯ ಪ್ರಕಾರ ಜಿಂಕೆ ಹೊಡೆಯುವುದು ಅಪರಾಧ.) ನನ್ನದು 1950ರ ದಶಕದಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ತಯಾರಾದ ವಿಂಚೆಸ್ಟರ್ 94, 30-30 ಎಂಬ ಅಳತೆಯ ತೋಟಾದ್ದು. ನೂರು ಗಜದೊಳಗೆ ಎಲ್ಲವೂ ಮುಗಿಯುವ ದಟ್ಟ ಕಾಡಿಗೆ ಇದಕ್ಕಿಂತ ಹಿತವಾದ ಕೋವಿಯನ್ನು ನಾನು ಹೊತ್ತಿಲ್ಲ. ಬಯಲಿನಲ್ಲಿ ದೂರಕ್ಕೆ ಹೊಡೆಯುವವರು ಬೇರೆ ನೋಡಿಕೊಳ್ಳಿ.

ತೂಕ ಮೂರು ಕಿಲೋ ಆಸುಪಾಸು, ನಳಿಗೆ 20 ಇಂಚು, ಪಕ್ಕೆಗಳು ಚಪ್ಪಟೆ. ಲಿವರಿನ ಮುಂದೆ ಹಿಡಿದರೆ ಒಂದೇ ಕೈಯಲ್ಲಿ ದಿನವಿಡೀ ನಡೆಯಬಹುದು. ದುರ್ಬೀನು ಕೂರಿಸಿದರೆ ಈ ಸುಖ ಹೋಯಿತು. ಹೇಗೂ ಜಾನ್ ಬ್ರೌನಿಂಗ್ ಮಾಡಿದ ಈ ವಿನ್ಯಾಸದಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಹಾರುವುದರಿಂದ ದುರ್ಬೀನಿಗೆ ಜಾಗವೇ ಇಲ್ಲ. ಅದು ಬೇಕೇ ಬೇಕೆಂದರೆ ಪಕ್ಕಕ್ಕೆ ಉಗುಳುವ ಮಾರ್ಲಿನ್ 336 ಕೊಳ್ಳಿ.

ತೋಟಾ ತುಂಬುವುದೊಂದು ಕಲೆ. ಪಕ್ಕದ ಬಾಗಿಲಿನೊಳಕ್ಕೆ ಪೂರ್ತಿ ತಳ್ಳಿದರೆ ಸ್ಪ್ರಿಂಗು ಹೆಬ್ಬೆರಳಿನ ಉಗುರನ್ನು ಕಚ್ಚುತ್ತದೆ. ತೋಟಾದ ಅಂಚು ಬಾಗಿಲಲ್ಲಿ ಉಳಿಯುವಷ್ಟೇ ತಳ್ಳಿ, ಮುಂದಿನ ತೋಟಾದ ಮೂತಿಯಿಂದ ಅದನ್ನು ಒಳಕ್ಕೆ ನೂಕಬೇಕು. ಇಳಿಸುವುದು ಇನ್ನೂ ಕಿರಿಕಿರಿ: ಸಂಜೆ ಒಂದೊಂದನ್ನೂ ಲಿವರ್ ಎಳೆದೇ ಹೊರತೆಗೆಯಬೇಕು. ಸುರಕ್ಷತೆಗೆ ಗುಂಡಿಯಿಲ್ಲ, ಇರುವುದು ಹ್ಯಾಮರಿನ (ಪೆಟ್ಟು ಕೊಟ್ಟು ತೋಟಾ ಸಿಡಿಸುವ ಸುತ್ತಿಗೆಯ) ಅರ್ಧ ಮೆಟ್ಟಿಲು, ಅಂದರೆ ಅದು ಅರ್ಧದಲ್ಲೇ ಸಿಕ್ಕಿ ನಿಲ್ಲುವ ಜಾಗ ಮಾತ್ರ. ಚಳಿಗೆ ಮರಗಟ್ಟಿದ ಹೆಬ್ಬೆರಳಿನಿಂದ ಹ್ಯಾಮರನ್ನು ಅಲ್ಲಿಗೆ ಇಳಿಸುವಾಗ ನಳಿಗೆ ನೆಲದ ಕಡೆಗಿರಲಿ. ನನಗೆ ಈ ಕೋವಿಯಲ್ಲಿ ಇಂದಿಗೂ ಅಳುಕಿರುವುದು ಇದೊಂದರ ಬಗ್ಗೆಯೇ.

ನಳಿಗೆಯಡಿಯ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಚೂಪು ಮೊನೆಯ ಗುಂಡು ಮುಂದಿನ ತೋಟಾದ ಹಿಂಬದಿಯ ಪ್ರೈಮರಿಗೆ (ಪೆಟ್ಟಿಗೆ ಸಿಡಿದು ಮದ್ದು ಹೊತ್ತಿಸುವ ಬಿಲ್ಲೆಗೆ) ತಾಗಿ, ಹೊಡೆತದ ಒದೆತಕ್ಕೆ ಅದು ಸಿಡಿಯುವ ಅಪಾಯವಿದೆ. ಹಾರ್ನಡಿ ಕಂಪನಿಯವರ ಮೆತ್ತನೆಯ ಮೊನೆಯ ತೋಟಾದಲ್ಲಿ ಆ ಭಯವಿಲ್ಲ. ಆದರೂ ನನ್ನ ಕೋವಿಗೆ ಒಗ್ಗಿರುವುದು 170 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡಿನ ಚಪ್ಪಟೆ ಮೊನೆಯದೇ.

ಇನ್ನು ಕೊಳ್ಳುವ ಮಾತು. '1964ಕ್ಕಿಂತ ಹಿಂದಿನದು' ಎಂಬ ಒಂದೇ ಮಂತ್ರಕ್ಕೆ ಮಾರುವವರು ಬೆಲೆ ಏರಿಸುತ್ತಾರೆ. ಅದರಲ್ಲಿ ಹುರುಳಿದೆ, ಆ ವರ್ಷದಿಂದ ಖರ್ಚು ಉಳಿಸಲು ತಗಡಿನ ಬಿಡಿಭಾಗ, ಟೊಳ್ಳು ಪಿನ್ನುಗಳು ಬಂದವು. ಆದರೆ ಅಪರೂಪವೆಂದರೆ ಮಾತ್ರ ನಂಬಬೇಡಿ. ಹತ್ತು ಲಕ್ಷದ ಸಂಖ್ಯೆಯ ಕೋವಿ 1927ರಲ್ಲೇ ಅಮೆರಿಕದ ಅಧ್ಯಕ್ಷ ಕೂಲಿಡ್ಜ್ ಅವರ ಕೈ ಸೇರಿತ್ತು. ಒಟ್ಟು ತಯಾರಾದದ್ದು 70 ಲಕ್ಷಕ್ಕೂ ಹೆಚ್ಚು. ಇಸವಿಗಿಂತ ಮೊದಲು ನಳಿಗೆಯ ಬಾಯಿ ನೋಡಿ. ಇದನ್ನು ಮುಂದಿನಿಂದಲೇ ಶುಚಿಗೊಳಿಸಬೇಕಾದ್ದರಿಂದ ಕಬ್ಬಿಣದ ಸಲಾಕೆ ಉಜ್ಜಿ ಉಜ್ಜಿ ಅಲ್ಲಿನ ಸುರುಳಿಗೆರೆಗಳು (ಗುಂಡನ್ನು ತಿರುಗಿಸಿ ನೇರ ಕಳಿಸುವ ಒಳಗೆರೆಗಳು) ಸವೆದಿರುತ್ತವೆ. ಮರ ಮತ್ತು ಲೋಹ ಕೂಡುವ ಕಡೆ ಬೆರಳಾಡಿಸಿ. ಮರ ತಗ್ಗಿದ್ದರೆ ಯಾರೋ ಮರಳು ಕಾಗದ ಹಾಕಿ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆಂದೇ ಅರ್ಥ. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಚೌಕಾಸಿ ಮಾಡಿ, ಸುರುಳಿಗೆರೆ ಸವೆದಿದ್ದರೆ ಚೌಕಾಸಿಗೂ ನಿಲ್ಲಬೇಡಿ.