ಹಳೇ ಪ್ರೊಜೆಕ್ಟರ್‌ಗೆ ಹೊಸ ಲ್ಯಾಪ್‌ಟಾಪ್: ಪವರ್ ಸಾಕೆಟ್ ಇರುವ ಅಡಾಪ್ಟರನ್ನೇ ಕೊಳ್ಳಿ

ಕಾರವಾರ, ಕುಮಟಾ, ಶಿರಸಿ ಕಡೆಯ ಶಾಲೆಯಲ್ಲೋ ಸಭಾಭವನದಲ್ಲೋ ಚಾವಣಿಗೆ ಹಳೇ ಪ್ರೊಜೆಕ್ಟರ್ ಇದ್ದರೆ, ಗೋಡೆಗುಂಟ ಇಳಿದು ಬಂದಿರುವುದು ಹೆಚ್ಚಾಗಿ 15 ಪಿನ್ನಿನ ವಿಜಿಎ ಕೇಬಲ್. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಇಲ್ಲ, ಹೆಚ್ಚಾಗಿ ಇರುವುದು ಎಚ್‌ಡಿಎಂಐ ಕಿಂಡಿ. ಇವೆರಡನ್ನು ಜೋಡಿಸುವ ಎಚ್‌ಡಿಎಂಐ–ವಿಜಿಎ ಅಡಾಪ್ಟರ್ ಅಂಗಡಿಯಲ್ಲಿ ಮೂರು ರೂಪದಲ್ಲಿ ಸಿಗುತ್ತದೆ: ಬರೀ ತಂತಿ, ಪುಟ್ಟ ಡಬ್ಬಿ, ಆಡಿಯೊ ಮತ್ತು ಪವರ್ ಸಾಕೆಟ್ ಎರಡೂ ಇರುವ ಡಬ್ಬಿ. ಸ್ವಲ್ಪ ಹೆಚ್ಚು ದುಡ್ಡಾದರೂ ಮೂರನೆಯದೇ ಸರಿ.

ಚಿಪ್ ಇಲ್ಲದ ಬರೀ ತಂತಿ ಈ ಕೆಲಸಕ್ಕೆ ಬಾರದು. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಒಂದನ್ನು ಇನ್ನೊಂದಕ್ಕೆ ಬದಲಿಸುವ ಚಿಪ್ ನಡುವೆ ಇರಲೇಬೇಕು. ಪೊಟ್ಟಣದ ಮೇಲೆ ‘ಎಚ್‌ಡಿಎಂಐ ಟು ವಿಜಿಎ’ ಎಂದೇ ಇದೆಯೇ ನೋಡಿ. ‘ವಿಜಿಎ ಟು ಎಚ್‌ಡಿಎಂಐ’ ನೋಡಲು ಹೆಚ್ಚುಕಡಿಮೆ ಹಾಗೇ ಇದ್ದರೂ ತಿರುಗಿಸಿ ಬಳಸಲು ಆಗದು.

ಪವರ್ ಸಾಕೆಟ್ ಏಕೆ? ಚಿಪ್ಪಿಗೆ ವಿದ್ಯುತ್ ಬರುವುದು ಎಚ್‌ಡಿಎಂಐನ 18ನೇ ಪಿನ್ನಿನ 5 ವೋಲ್ಟಿನಿಂದ. ಅಲ್ಲಿ ಖಾತ್ರಿಯಾಗಿ ಸಿಗುವುದು 55 ಮಿಲಿಆಂಪಿಯರ್ ಮಾತ್ರ. ಚಿಪ್ ಅದಕ್ಕಿಂತ ಹೆಚ್ಚು ಬೇಡಿದರೆ ಚಿತ್ರ ಬಂದು, ಹೋಗಿ, ಮತ್ತೆ ಬರುತ್ತದೆ. ಆಗ ಎಲ್ಲರೂ ಬೈಯುವುದು ಪ್ರೊಜೆಕ್ಟರನ್ನು. ಮೊಬೈಲ್ ಚಾರ್ಜರಿನಿಂದಲೋ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೋ ಅಡಾಪ್ಟರಿಗೆ ಕರೆಂಟು ಕೊಟ್ಟರೆ ಈ ತೊಂದರೆ ನಿಲ್ಲುತ್ತದೆ.

ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ಯಕ್ಷಗಾನದ ವಿಡಿಯೊ ತೋರಿಸುವಾಗ ಚೆಂಡೆ ಕೇಳಬೇಕಿದ್ದರೆ ಅಡಾಪ್ಟರಿನ 3.5 ಮಿ.ಮೀ. ಕಿಂಡಿಯಿಂದ ಆಂಪ್ಲಿಫೈಯರಿಗೆ ತಂತಿ ಎಳೆದು, ವಿಂಡೋಸ್ ಸೌಂಡ್ ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಆರಿಸಿ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತಿತೆಂದರೆ ಅದು ಅರ್ಥಿಂಗಿನ ತಕರಾರು.

ಜೋಡಿಸುವಾಗ ವಿಜಿಎಯ ಎರಡೂ ತಿರುಪು ಬಿಗಿ ಮಾಡಿ, ಪ್ರೊಜೆಕ್ಟರಿನ ಸೋರ್ಸ್‌ನಲ್ಲಿ ‘ಕಂಪ್ಯೂಟರ್’ ಅಥವಾ ‘ವಿಜಿಎ’ ಆರಿಸಿ. ಬಳಿಕ ವಿಂಡೋಸ್ ಕೀ ಜತೆ ಪಿ ಒತ್ತಿ ‘ಡುಪ್ಲಿಕೇಟ್’. ‘ಎಕ್ಸ್‌ಟೆಂಡ್’ ಆಗಿದ್ದರೆ ಪರದೆಯ ಮೇಲೆ ಬರೀ ವಾಲ್‌ಪೇಪರ್ ಕಾಣುತ್ತದೆ. ಅಕ್ಷರ ಮಸುಕಾದರೆ ರೆಸಲ್ಯೂಷನ್ ನೋಡಿ: ಹಳೇ ಪ್ರೊಜೆಕ್ಟರಿನದು ಬಹುತೇಕ 1024×768 ಅಥವಾ 1280×800, ಲ್ಯಾಪ್‌ಟಾಪ್ ಕಳಿಸುವುದು 1920×1080. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪ್ರೊಜೆಕ್ಟರಿನದನ್ನೇ ಇಟ್ಟು 60 ಹರ್ಟ್ಸ್ ಮಾಡಿ. ಅಗ್ಗದ ವಿಜಿಎ ಕೇಬಲ್‌ಗಳಲ್ಲಿ 12 ಮತ್ತು 15ನೇ ಪಿನ್ನಿನ ತಂತಿ ಇರದಿದ್ದರೆ ಪ್ರೊಜೆಕ್ಟರಿನ ಅಳತೆ ಲ್ಯಾಪ್‌ಟಾಪಿಗೆ ತಿಳಿಯದು, ಕೈಯಾರೆ ಆರಿಸಬೇಕಾಗುತ್ತದೆ.

ಚಿತ್ರವೆಲ್ಲ ಹಳದಿಯಾದರೆ ನೀಲಿ ಬಣ್ಣದ ಪಿನ್ ತಾಗುತ್ತಿಲ್ಲ, ಕೆನ್ನೇರಳೆಯಾದರೆ ಹಸಿರಿನದು. ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟುವುದೂ ಇದಕ್ಕೆ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಮಳೆಗಾಲದಲ್ಲಿ ಅಡಾಪ್ಟರನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.

ಬರೀ ಟೈಪ್-ಸಿ ಇರುವ ಲ್ಯಾಪ್‌ಟಾಪಿಗೆ ಇದು ಹೊಂದದು. ಟೈಪ್-ಸಿ–ವಿಜಿಎ ಅಡಾಪ್ಟರ್ ಬೇರೆಯೇ ಇದೆ. ಕೊಳ್ಳುವ ಮುಂಚೆ ಕಿಂಡಿಯ ಪಕ್ಕ ಡಿಪಿ (ಡಿಸ್‌ಪ್ಲೇಪೋರ್ಟ್) ಅಥವಾ ಮಿಂಚಿನ (ಥಂಡರ್‌ಬೋಲ್ಟ್) ಗುರುತು ಇದೆಯೇ ನೋಡಿ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಹುಡುಕಿ, ಎಲ್ಲ ಟೈಪ್-ಸಿ ಕಿಂಡಿಯಿಂದಲೂ ಚಿತ್ರ ಹೊರಡುವುದಿಲ್ಲ.