ಕೋವಿಯ ಸದ್ದಿಗೆ ಬೇಟೆನಾಯಿಯನ್ನು ಒಗ್ಗಿಸಲು ತಟ್ಟೆಯೋ, ಸ್ಪೀಕರೋ, ರೇಂಜೋ, ದೂರದ ಈಡೋ?

ಈಡು ಕೇಳಿದೊಡನೆ ಬಾಲ ಮುದುರಿಕೊಂಡು ಗಾಡಿಯಡಿ ಸೇರುವ ನಾಯಿ ಬೇಟೆಗೆ ಬಾರದು. ಕೋವಿ ಕಂಡೊಡನೆ ಕುಂಯ್‌ಗುಡುತ್ತ ಹಗ್ಗ ಜಗ್ಗುವ ನಾಯಿಯೂ ಬಾರದು, ಅದರ ಗದ್ದಲಕ್ಕೆ ಹಕ್ಕಿ ಮೊದಲೇ ಎದ್ದು ಹೋಗಿರುತ್ತದೆ. ಮೊದಲನೆಯದು ಭಯ, ಎರಡನೆಯದು ಆಸೆ. ಭಯ ಹೋಗಲು ಪ್ರತಿ ಈಡಿಗೂ ಏನಾದರೂ ಒಳ್ಳೆಯದು ಸಿಗಬೇಕು. ಆಸೆ ಇಳಿಯಲು ಹೆಚ್ಚಿನ ಈಡುಗಳಿಗೆ ಏನೂ ಸಿಗಬಾರದು. ಎರಡಕ್ಕೂ ಒಂದೇ ಮದ್ದು ಅರೆಯುವುದರಿಂದಲೇ ಬಹಳಷ್ಟು ನಾಯಿಗಳು ಕೆಡುತ್ತವೆ.

ಭಯದ ಕಡೆಯಿಂದ ಶುರು ಮಾಡೋಣ. ಎಲ್ಲರಿಗೂ ಗೊತ್ತಿರುವ ಹಳೆಯ ಉಪಾಯ ಮರಿ ಉಣ್ಣುವಾಗ ತಟ್ಟೆ ಬಡಿಯುವುದು. ಖರ್ಚಿಲ್ಲ, ಆದರೆ ಕ್ರಮ ತಲೆಕೆಳಗು. ಸದ್ದಿನ ಹಿಂದೆ ಊಟ ಬಂದರೆ ಸದ್ದು ಊಟದ ಸೂಚನೆಯಾಗುತ್ತದೆ. ಊಟದ ನಡುವೆ ಸದ್ದು ಬಂದರೆ ಬಟ್ಟಲೇ ಸದ್ದಿನ ಸೂಚನೆಯಾಗುತ್ತದೆ. ಅಂಥ ಮರಿ ಬಟ್ಟಲನ್ನು ದೂರದಿಂದಲೇ ನೋಡಿ ಹಿಂದೆ ಸರಿಯುತ್ತದೆ. ಮಾಡಲೇಬೇಕೆಂದಿದ್ದರೆ ಇನ್ನೊಬ್ಬರು ಬೇರೆ ಕೋಣೆಯಲ್ಲಿ ಮರದ ಸೌಟಿನಿಂದ ಮುಚ್ಚಳಕ್ಕೆ ಒಂದೇ ಸಲ ತಟ್ಟಲಿ, ಒಂದು ಎಣಿಸಿ ಬಟ್ಟಲು ಇಡಿ. ಒಂದು ಊಟಕ್ಕೆ ಒಂದೇ ಸದ್ದು.

ಸ್ಪೀಕರಿನಲ್ಲಿ ಧ್ವನಿಮುದ್ರಣ ಕೇಳಿಸುವುದು ಇದಕ್ಕಿಂತ ಮೇಲು, ಏಕೆಂದರೆ ಸದ್ದಿನ ಮಟ್ಟ ನಮ್ಮ ಕೈಯಲ್ಲಿರುತ್ತದೆ. ಕಿವಿ ಸ್ವಲ್ಪ ಅಲ್ಲಾಡಿ ಸುಮ್ಮನಾಗುವಷ್ಟರಿಂದ ಆರಂಭಿಸಿ ದಿನಕ್ಕೆ ಹತ್ತು ನಿಮಿಷ, 8-10 ಸದ್ದು ಸಾಕು. ನಡುವಿನ ಬಿಡುವು ಒಮ್ಮೆ 20 ಸೆಕೆಂಡು, ಒಮ್ಮೆ ಎರಡು ನಿಮಿಷ, ಹೀಗೆ ಏರುಪೇರಾಗಿರಲಿ. ಪ್ರತಿ ಸದ್ದಿನ ಹಿಂದೆ ಒಂದು ಚೂರು ಮಾಂಸ. ಸ್ಪೀಕರಿನ ಜಾಗವನ್ನೂ ಬದಲಿಸುತ್ತಿರಿ, ಇಲ್ಲದಿದ್ದರೆ ನಾಯಿ ಒಗ್ಗುವುದು ಆ ಡಬ್ಬಿಗೆ ಮಾತ್ರ. ಇಷ್ಟೆಲ್ಲ ಮಾಡಿದರೂ ಇದು ಅಕ್ಷರಾಭ್ಯಾಸವಷ್ಟೇ. 12 ಬೋರ್ ಕೋವಿಯ ಈಡು ಹೊಡೆಯುವವರ ಕಿವಿಯ ಬಳಿ 150 ಡೆಸಿಬಲ್ ದಾಟುತ್ತದೆ. ಆ ಹಠಾತ್ ಒತ್ತಡವನ್ನಾಗಲೀ ನೆಲ ಅದುರಿಸುವ ಗಡಸು ಸದ್ದನ್ನಾಗಲೀ ಮೊಬೈಲಿನ ಸ್ಪೀಕರ್ ಕೊಡಲಾರದು. ಪೂರ್ತಿ ವಾಲ್ಯೂಮಿನಲ್ಲೂ ನಿದ್ದೆ ಹೊಡೆಯುವ ಮರಿಯನ್ನು ನಂಬಿ ನೇರ ಕೋವಿಯ ಪಕ್ಕ ನಿಲ್ಲಿಸಬೇಡಿ.

ಗುಂಡು ಹಾರಿಸುವ ಅಭ್ಯಾಸ ನಡೆಯುವ ರೇಂಜಿಗೆ ಕರೆದೊಯ್ದು ಕಟ್ಟಿಹಾಕುವ ಪದ್ಧತಿ ಬೇಡವೇ ಬೇಡ. ಈಡುಗಳ ಎಣಿಕೆ, ದೂರ, ಬಿಡುವು ಯಾವುದೂ ನಮ್ಮ ಹಿಡಿತದಲ್ಲಿರುವುದಿಲ್ಲ. ಅರ್ಧ ಗಂಟೆಯಲ್ಲಿ ‘ಸುಮ್ಮನಾಯಿತು’ ಎನ್ನುವ ನಾಯಿ ಎಷ್ಟೋ ಸಲ ಹೆಪ್ಪುಗಟ್ಟಿ ನಿಂತಿರುತ್ತದೆ. ಮೂಗಿನ ಮುಂದೆ ಮಾಂಸ ಹಿಡಿದು ನೋಡಿ: ಮುಟ್ಟದೆ, ಕಣ್ಣು ಅಗಲಿಸಿ, ಕಿವಿ ಹಿಂದಕ್ಕೆ ಮಡಚಿ ಜೊಲ್ಲು ಸುರಿಸುತ್ತಿದ್ದರೆ ಅದು ಶಾಂತಿಯಲ್ಲ.

ಉಳಿದದ್ದು ದೂರದ ಈಡು. ನಾವು ಒಪ್ಪುವುದು ಇದನ್ನೇ. ಇಬ್ಬರು ಬೇಕು. ಮರಿ ಡಮ್ಮಿಯ (ಎಸೆದು ತರಿಸುವ ಅಭ್ಯಾಸದ ಗಂಟಿನ) ಹಿಂದೆ ಹುಚ್ಚೆದ್ದು ಓಡುವಂತಾಗುವ ತನಕ ಕೋವಿಯ ಮಾತೇ ಬೇಡ. ಬಯಲಿನಲ್ಲಿ 150 ಮೀಟರ್ ಆಚೆ ಒಬ್ಬರು ಓಟದ ಪಂದ್ಯ ಶುರುಮಾಡಿಸುವ ಸ್ಟಾರ್ಟರ್ ಪಿಸ್ತೂಲಿನಲ್ಲಿ ಬ್ಲ್ಯಾಂಕ್ ತೋಟೆ (ಗುಂಡಿಲ್ಲದ, ಸದ್ದು ಮಾತ್ರ ಮಾಡುವ ತೋಟೆ) ಹಾಕಿಕೊಂಡು, ನಾಯಿಗೆ ಬೆನ್ನು ಮಾಡಿ, ತಲೆ ಮಾತ್ರ ನಿಮ್ಮತ್ತ ತಿರುಗಿಸಿ ನಿಲ್ಲಲಿ. ಡಮ್ಮಿ ಎಸೆಯಿರಿ, ನಾಯಿ ಅದರತ್ತ ನುಗ್ಗಿದಾಗ ಕೈ ಎತ್ತಿ, ಆಗ ಈಡು. ಸನ್ನೆಗೆ ಸೀಟಿ ಊದಬೇಡಿ. ನಾಯಿ ಸೀಟಿಯನ್ನೇ ಈಡಿನ ಮುನ್ಸೂಚನೆ ಎಂದು ಕಲಿತು ಅದಕ್ಕೂ ಬೆದರುತ್ತದೆ.

ದಿನಕ್ಕೆ ಮೂರು-ನಾಲ್ಕು ಈಡು, ವಾರಕ್ಕೆ ಎರಡು-ಮೂರು ದಿನ. ಎರಡು ಸರದಿ ನಾಯಿ ತಿರುಗಿಯೂ ನೋಡದಿದ್ದರೆ 20 ಮೀಟರ್ ಹತ್ತಿರ, 60 ಮೀಟರಿನ ಒಳಗೆ ಬಂದ ಮೇಲೆ ಹತ್ತತ್ತೇ ಮೀಟರ್. ಓಡುತ್ತಿದ್ದುದು ನಿಂತು, ತಲೆ ತಿರುಗಿಸಿ, ಮತ್ತೆ ಡಮ್ಮಿಯತ್ತ ಹೋಗದಿದ್ದರೆ ಆ ದಿನ ಅಲ್ಲಿಗೇ ಬಿಡಿ, ಮುಂದಿನ ಸಲ 50 ಮೀಟರ್ ಹಿಂದಕ್ಕೆ. ಕೋವಿ ದೊಡ್ಡದಾದಾಗಲೆಲ್ಲ ದೂರವೂ ಹಿಂದಕ್ಕೆ ಹೋಗಬೇಕು. ಪಿಸ್ತೂಲಿಗೆ 30 ಮೀಟರಿನಲ್ಲಿ ಒಗ್ಗಿದ ನಾಯಿಗೆ ಸಣ್ಣ ನಳಿಗೆಯ .410 ಕೋವಿ ಮತ್ತೆ 100 ಮೀಟರಿನಿಂದ, ಆಮೇಲೆ ಅದಕ್ಕಿಂತ ದೊಡ್ಡ 20 ಬೋರ್, ಕೊನೆಗೆ ಇವೆರಡಕ್ಕಿಂತ ದೊಡ್ಡ 12 ಬೋರ್. ಗಾಳಿ ಕೋವಿಯ ಕಡೆಯಿಂದ ಬೀಸುತ್ತಿದ್ದರೆ ಅದೇ ದೂರದ ಈಡು ಜೋರಾಗಿ ಕೇಳುತ್ತದೆ. ಗುಡ್ಡದ ಮಗ್ಗುಲು, ಗೋಡೆಗಳ ನಡುವೆ ಮಾರ್ದನಿಯೇ ಬೆದರಿಸುತ್ತದೆ. ಕೋವಿ ಬಾಯಿಯ ಮುಂದೆ ಸದ್ದು ಅತಿ ಹೆಚ್ಚು, ಆದ್ದರಿಂದ ನಾಯಿ ಯಾವಾಗಲೂ ಹೊಡೆಯುವವರ ಹಿಂದೆ. ತಲೆಯ ಮೇಲಿಂದ ಹಾರಿಸಿದರೆ ಬೆದರಿಕೆಯ ಜೊತೆಗೆ ಕಿವುಡೂ ಬರಬಹುದು.

ಪಿಸ್ತೂಲಿಲ್ಲದವರು 30 ಸೆಂಟಿಮೀಟರಿನ ಎರಡು ಹಲಗೆಗಳಿಗೆ ಕೀಲು ಹಾಕಿ, ಚಪ್ಪಾಳೆಯಂತೆ ಬಡಿಯಬಹುದು. ಆಟಿಕೆಯ ಕೇಪು ಪಿಸ್ತೂಲಿಗಿಂತ ಇದೇ ವಾಸಿ. ಕೇಪಿನ ಸದ್ದು ಸಣ್ಣದಾದರೂ ಚೂಪು, ಕೆಲವು ನಾಯಿಗಳು ಕೋವಿಯ ಗಡಸು ಸದ್ದಿಗಿಂತ ಅದನ್ನೇ ಹೆಚ್ಚು ದ್ವೇಷಿಸುತ್ತವೆ.

ಇನ್ನು ಆಸೆಯ ಕಡೆ. ಭಯ ಕಳೆಯಲು ಪ್ರತಿ ಈಡಿಗೂ ಡಮ್ಮಿ ಕೊಟ್ಟೆವಲ್ಲ, ಅದನ್ನೇ ಮುಂದುವರಿಸಿದರೆ ‘ಈಡು ಎಂದರೆ ಓಟ’ ಎಂಬ ಪಾಠ ಗಟ್ಟಿಯಾಗಿ ಕಿರುಚಾಟ ಹುಟ್ಟುತ್ತದೆ. ಭಯ ಪೂರ್ತಿ ಹೋದ ಮೇಲೆ ಹತ್ತು ಈಡಿಗೆ ಒಂದೋ ಎರಡೋ ಡಮ್ಮಿ ನಾಯಿಗೆ. ಉಳಿದವನ್ನು ನೀವೇ ನಡೆದುಹೋಗಿ ಎತ್ತಿಕೊಳ್ಳಿ, ನಾಯಿ ಚಾಪೆಯ ಮೇಲೆ ಕೂತು ನೋಡಲಿ.

ಕುಂಯ್‌ಗುಡುವುದು ಈಡಿನಿಂದಲ್ಲ, ಕೋವಿ ಚೀಲದ ಜಿಪ್ ಸದ್ದಿನಿಂದಲೇ ಶುರುವಾಗುತ್ತದೆ. ಹಾಗಾಗಿ ಸಂಜೆ ಹೊತ್ತು ತೋಟೆಯಿಲ್ಲದ ಕೋವಿಯನ್ನು ತೆಗೆಯುವುದು, ಮಡಚುವುದು, ಭುಜಕ್ಕೇರಿಸುವುದು, ಮತ್ತೆ ಚೀಲಕ್ಕೆ ಹಾಕುವುದು. ಇಪ್ಪತ್ತು ಸಲ, ಬೇರೇನೂ ಇಲ್ಲ. ಐದು ಸೆಕೆಂಡು ಮೌನವಿದ್ದರೆ ಒಂದು ಚೂರು, ಆಮೇಲೆ 15 ಸೆಕೆಂಡಿಗೆ, ಆಮೇಲೆ ಒಂದು ನಿಮಿಷಕ್ಕೆ. ಕುಂಯ್ ಎಂದರೆ ಮಾತಿಲ್ಲದೆ ಕೋವಿ ಚೀಲದೊಳಕ್ಕೆ. ಗದರಿದರೆ ಅದೂ ಒಂದು ಉತ್ತರವೇ, ನಾಯಿ ನಿಮ್ಮೊಡನೆ ಮಾತುಕತೆಗೆ ಇಳಿಯುತ್ತದೆ.

ಶಾಕ್ ಕಾಲರ್ ಬೇಗ ಬಾಯಿ ಮುಚ್ಚಿಸುತ್ತದೆ, ನಿಜ. ಆದರೆ ಒಳಗಿನ ತಹತಹ ಹಾಗೇ ಉಳಿದು ಕಾಲು ನಡುಗುತ್ತದೆ, ಹಲ್ಲು ಕಟಕಟಿಸುತ್ತದೆ. ಶಾಕ್ ಮತ್ತು ಈಡು ಒಟ್ಟಿಗೆ ಬಿದ್ದರಂತೂ ಚೆನ್ನಾಗಿದ್ದ ನಾಯಿಯೇ ಬೆದರುನಾಯಿಯಾಗುತ್ತದೆ. ಮರಕ್ಕೆ ಕಟ್ಟುವುದೂ ದಂಡ, ಜಗ್ಗಿದಷ್ಟೂ ಕಿರುಚಾಟ. ಹತ್ತು ಮೀಟರಿನ ತೆಳು ಹಗ್ಗ ನೆಲದ ಮೇಲೆ ಸಡಿಲವಾಗಿ ಬಿದ್ದಿರಲಿ, ಓಡಿದರೆ ಕಾಲಿನಿಂದ ತುಳಿದರಾಯಿತು.

ಪಳಗಿದ ನಾಯಿಯ ಜೊತೆ ಮರಿಯನ್ನು ಕೂರಿಸುವ ಪದ್ಧತಿ ಆ ಹಿರಿಯ ನಾಯಿ ನಿಜಕ್ಕೂ ಮೌನಿಯಾಗಿದ್ದರೆ ಮಾತ್ರ ಸರಿ. ಕುಂಯ್‌ಗುಡುವುದು ಶೀತಕ್ಕಿಂತ ಬೇಗ ಅಂಟುತ್ತದೆ. ತಿಂಗಳುಗಟ್ಟಲೆ ಬಿಡುವು ಕೊಟ್ಟ ನಾಯಿಗೆ, ಅದೆಷ್ಟೇ ಹಳೆಯದಿರಲಿ, ಮೊದಲ ದಿನದ ಮೊದಲ ಈಡು ಮತ್ತೆ 100 ಮೀಟರ್ ಆಚೆಯಿಂದಲೇ ಇರಲಿ.